ಕುಡಿಯದೆ ಇಟ್ಟ ಕಾಫಿ

"ಇಳೀರಿ ಅಂದ್ರೆ ಇಳೀರಿ. ಇನ್ಮೇಲೆ ಇದು ರೋಗಿಷ್ಟರ ಗಾಡಿ ಅಲ್ಲ. ಏ ಮುತ್ಲಕಜ್ಜ, ಬಾಗ್ಲು ಬಿಡು. ಪೇಂಟು ಇನ್ನೂ ಆರಿಲ್ಲ, ಹೊಲಸು ಮಾಡ್ಬೇಡ."

ಅಷ್ಟು ಹೇಳಿ ಹಳದಿ ಅಂಗಿಯ ಹುಡುಗ ಬಹಾ, ಮುದುಕನ ಬೆರಳುಗಳನ್ನು ವ್ಯಾನಿನ ಬಾಗಿಲಿನಿಂದ ಒಂದೊಂದಾಗಿ ಬಿಡಿಸಿದ. ಆಯುಷ್ಯವೆಲ್ಲ ನಿರಾಶ್ರಿತರ ಕ್ಯಾಂಪಿಗೆ ರೊಟ್ಟಿ ಸುಟ್ಟುಕೊಟ್ಟಿದ್ದ ಮುತ್ಲಕನ ಅಂಗೈಗೆ ಹಳದಿ ಬಣ್ಣ ಮೆತ್ತಿಕೊಂಡಿತು. ಮುದುಕ ಅಂಗೈ ನೋಡಿಕೊಂಡ, ವ್ಯಾನು ನೋಡಿದ, ಮತ್ತೆ ಅಂಗೈ ನೋಡಿಕೊಂಡ.

ಮೊನ್ನೆಯವರೆಗೆ ಬಿಳಿಯಾಗಿದ್ದ ವ್ಯಾನಿಗೆ ಈಗ ಮೂತಿಯ ತುಂಬ ಹಲ್ಲು ಬಂದಿದ್ದವು. ಮುಂದಿನ ದೀಪಗಳು ಕಣ್ಣಾಗಿದ್ದವು, ರೆಪ್ಪೆ ಸಮೇತ. ಪಕ್ಕದಲ್ಲಿ ಬಲೂನು ಹಿಡಿದ ಮೊಲಗಳು ಓಡುತ್ತಿದ್ದವು, ಮೊಲಗಳ ಮೇಲೆ 'ನಗುವಿನ ಬಂಡಿ' ಎಂದು ಎರಡು ಭಾಷೆಯಲ್ಲಿ ಬರೆದಿತ್ತು. ಡ್ರೈವರ್ ಸೀಟಿನಲ್ಲಿ ಎಂದಿನ ಫಾಯೆಕ್‌ನೇ ಕೂತಿದ್ದ. ಮೂರು ಹೆಣ್ಣುಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಕಂಡ ಆ ಮನುಷ್ಯನ ಬಿಳಿ ಮೀಸೆಯ ಮೇಲೆ ಒಂದು ಕೆಂಪು ರಬ್ಬರಿನ ಮೂಗು ಕೂತಿತ್ತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ವಸ್ಫಿಯಾ ಮಗಳು ಖಿತಾಮಳನ್ನು ಹೆಗಲಿಗೆ ಆನಿಸಿಕೊಂಡು ನಿಂತಿದ್ದಳು. ಮಗಳ ಒಂದು ಕಾಲು ಆಗಲೇ ವ್ಯಾನಿನ ಮೆಟ್ಟಿಲ ಮೇಲಿತ್ತು.

"ಏನಪ್ಪಾ ಬಹಾ, ಗಾಡಿಗೆ ಏನಾಗದೆ? ಹುಚ್ಚು ಹಿಡೀತಾ?"

"ದೊಡ್ಡವ್ವ, ಯೋಜ್ನೆ ಬದ್ಲಾಗದೆ. ಕಿಡ್ನಿ ಯೋಜ್ನೆ ಮುಗೀತು. ದಾನಿಗಳು ಈಗ ಮನಸ್ಸಿನ ಆರೋಗ್ಯದ ಕಡೆ ಗಮನ ಕೊಡ್ತಾವ್ರೆ."

"ಕಿಡ್ನಿ ಯೋಜ್ನೆ ಮುಗೀತು ಅಂತ ನನ್ ಮಗಳ ಕಿಡ್ನಿಗೆ ಯಾರಾದ್ರೂ ಹೇಳವ್ರಾ?"

ಬಹಾ ಕೇಳಿಸದವನಂತೆ ತನ್ನ ಹಳದಿ ಅಂಗಿಯ ಜಿಪ್ಪು ಸರಿಮಾಡಿಕೊಂಡ. ಇವನು ಚಿಕ್ಕವನಿದ್ದಾಗ ತಾಯಿ ಹೊಲದ ಕೆಲಸಕ್ಕೆ ಹೋದ ದಿನವೆಲ್ಲ ವಸ್ಫಿಯಾಳ ಮನೆಯಲ್ಲಿ ಚನ್ನಂಗಿಬೇಳೆ ಅನ್ನ ತಿಂದು ಬೆಳೆದವನು. ಈಗ ಅವನ ಅಂಗಿಯ ಬೆನ್ನ ಮೇಲೆ ಸಂಸ್ಥೆಯ ಹೆಸರಿತ್ತು. ಆ ಹೆಸರನ್ನು ಪೂರ್ತಿ ಹೇಳಲು ಕ್ಯಾಂಪಿನಲ್ಲಿ ಯಾರಿಗೂ ಉಸಿರು ಸಾಲುತ್ತಿರಲಿಲ್ಲ. ಅದರಲ್ಲಿ ಘನತೆ ಇತ್ತು, ಸಹಭಾಗಿತ್ವ ಇತ್ತು, ಸುಸ್ಥಿರತೆ ಇತ್ತು. ಜನ ಹಳದಿ ಅಂಗಿಯವರು ಅಂದು ಕೆಲಸ ಮುಗಿಸುತ್ತಿದ್ದರು.

ವಾರಕ್ಕೆ ಮೂರು ದಿನ ಈ ವ್ಯಾನು ಕ್ಯಾಂಪಿನ ಕಿಡ್ನಿ ಹೋದವರನ್ನು ಹೇರಿಕೊಂಡು ಸೂರ್ ಪಟ್ಟಣದ ಆಸ್ಪತ್ರೆಗೆ ಹೋಗಿ, ರಕ್ತ ತೊಳೆಸಿ ಸಂಜೆಗೆ ವಾಪಸು ತರುತ್ತಿತ್ತು. ಆಸ್ಪತ್ರೆಯ ಯಂತ್ರದ ಖರ್ಚನ್ನು ಇನ್ಯಾರೋ ಪುಣ್ಯಾತ್ಮರು ಕೊಡುತ್ತಿದ್ದರು. ಯಂತ್ರ ಅಲ್ಲಿತ್ತು, ರಕ್ತ ಇಲ್ಲಿತ್ತು, ನಡುವೆ ಈ ವ್ಯಾನಿತ್ತು.

"ಫಾಯೆಕ್, ನೀನಾದ್ರೂ ಬಾಯ್ಬಿಡಯ್ಯಾ," ಎಂದಳು ವಸ್ಫಿಯಾ.

"ನಾನೇನ್ ಹೇಳ್ಲಿ ತಾಯಿ. ಮೂಗು ತೆಗುದ್ರೆ ಕೆಲ್ಸದಿಂದ ತೆಗೀತೀವಿ ಅಂದವ್ರೆ." ಫಾಯೆಕ್ ಕೀಲಿ ತಿರುಗಿಸಿದ. ಇಂಜಿನ್ನಿಗಿಂತ ಮುಂಚೆ ಹಾಡು ಎದ್ದಿತು. ಯಾವುದೋ ಹೆಂಗಸು ಹಹಹಾ ಹಿಹಿಹೀ ಎಂದು ನಗುತ್ತ ಮಕ್ಕಳನ್ನು ಕರೆಯುವ ಹಾಡು. "ವೈರು ಎರಡ್ಕೂ ಒಂದೇ ಮಾಡವ್ರೆ. ಹಾಡಿಲ್ದೆ ಇಂಜಿನ್ ಏಳಾಕಿಲ್ಲ," ಎಂದು ಯಾರಿಗೋ ಕ್ಷಮೆ ಕೇಳುವವನಂತೆ ಹೇಳಿ ಹೊರಟುಹೋದ.

ಖಿತಾಮ್ ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು ಕೂತಳು. ಆಮೇಲೆ ನಗತೊಡಗಿದಳು.

"ನೋಡವ್ವ, ಯೋಜ್ನೆ ಕೆಲ್ಸ ಮಾಡ್ತಾ ಅದೆ."

ಖಿತಾಮ್ ಎಂದರೆ ಮುಗಿಯಿತು ಎಂದರ್ಥ. ಸಾಲಾಗಿ ಐದು ಹೆಣ್ಣಾದ ಮೇಲೆ, ಸಾಕು ದೇವರೇ ಎಂದು ಅಪ್ಪ ಇಟ್ಟ ಹೆಸರು. ದೇವರು ಕೇಳಿಸಿಕೊಂಡ; ಮರುವರ್ಷ ಅಪ್ಪನನ್ನೇ ಮುಗಿಸಿದ. ನಾಲ್ಕು ಹೆಣ್ಣುಮಕ್ಕಳು ಗಂಡಂದಿರ ಹಿಂದೆ ದಿಕ್ಕಿಗೊಬ್ಬರಾಗಿ ಹೋದರು. ಉಳಿದವಳು ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿಕೊಂಡು ತಾಯಿಯ ಜೊತೆಗಿದ್ದಳು, ಮೂವತ್ತಕ್ಕೇ ಕಿಡ್ನಿ ಕೈಕೊಡುವವರೆಗೆ. ವಸ್ಫಿಯಾಳಿಗೆ ಇನ್ನು ಯಾರೂ ಇಲ್ಲ, ಕಳೆದುಕೊಳ್ಳಲು ಇವಳೊಬ್ಬಳೇ ಇದ್ದಳು.

ಆ ದಿನ ಮಗಳನ್ನು ಲಿಂಬೆ ತೋಟದ ಪಿಕಪ್ಪಿನಲ್ಲಿ ಹಣ್ಣಿನ ಡಬ್ಬಿಗಳ ನಡುವೆ ಕೂರಿಸಿ ಕಳಿಸಿದಳು. ಕ್ಯಾಂಪಿನ ಸುತ್ತಲೂ ಇದ್ದ ಲಿಂಬೆ ತೋಟಗಳಲ್ಲಿ ಹಣ್ಣು ಕೀಳುವುದೇ ವಸ್ಫಿಯಾಳ ಕೂಲಿ. ತೋಟದ ಮೇಸ್ತ್ರಿ ಪುಕ್ಕಟೆ ಉಪಕಾರ ಮಾಡುವವನಲ್ಲ. ಶುಕ್ರವಾರ ಬಿಟ್ಟಿ ದುಡಿಯಬೇಕು ಎಂದ. ಅಷ್ಟಕ್ಕೂ ಬಾಯಿ ಸುಮ್ಮನಿರಲಿಲ್ಲ.

"ಏ ಹೆಣ್ಣೆ, ಹಣ್ಣಿನ ಮೇಲೆ ಒರಗ್ಬೇಡ, ಜಜ್ಜೋಯ್ತದೆ. ಕಾಲು ಮಡ್ಚು. ನಿಮ್ಮೋರಿಗೆ ಒಂದು ಮೊಳ ಜಾಗ ಕೊಟ್ರೆ ಎಪ್ಪತ್ತು ವರ್ಷ ಏಳಾಕಿಲ್ಲ."

ಖಿತಾಮ್ ಕಾಲು ಮಡಚಿಕೊಂಡಳು. ಯುದ್ಧಕ್ಕೆ ಊರು ಬಿಟ್ಟು, ಎರಡು ವಾರ ಇದ್ದು ಹೋಗುತ್ತೇವೆ ಎಂದು ಬಂದವರ ಮೊಮ್ಮಕ್ಕಳಿಗೆ ಈಗ ಮಂಡಿನೋವು ಶುರುವಾಗಿತ್ತು. ಮೇಸ್ತ್ರಿ ಹೇಳಿದ್ದರಲ್ಲಿ ಲೆಕ್ಕವೇನೂ ತಪ್ಪಿರಲಿಲ್ಲ.

*

"ಜಾಹಾ ಕಟ್ಕೊಂಡು ಹೋಗಾನ," ಎಂದರು ಹಾಜಿ ದಿಯಾಬ್.

ಓಣಿಯ ಹಿರಿಯರು ಅವರು. ಐದಾರು ಜನ ದೊಡ್ಡವರು ಒಟ್ಟಾಗಿ ಒಬ್ಬನ ಮನೆಬಾಗಿಲಿಗೆ ಹೋಗಿ ಒಂದು ಮಾತು ಕೇಳುವುದಕ್ಕೆ ಜಾಹಾ ಅನ್ನುತ್ತಾರೆ. ಮನೆಯವನು ಕಾಫಿ ಕೊಡುತ್ತಾನೆ. ಬಂದವರು ಅದನ್ನು ಮುಟ್ಟದೆ ಮುಂದೆ ಇಟ್ಟುಕೊಳ್ಳುತ್ತಾರೆ. 'ಕುಡೀರಿ, ನೀವು ಬಂದ ಕೆಲಸ ಆಯ್ತು' ಎಂದು ಮನೆಯವನ ಬಾಯಲ್ಲಿ ಬಂದ ಮೇಲೇ ಕುಡಿಯುವುದು. ಹೆಣ್ಣು ಕೇಳಲು ಹೋದರೂ ಹೀಗೇ, ಕೊಲೆಗೆ ಕ್ಷಮೆ ಕೇಳಲು ಹೋದರೂ ಹೀಗೇ. ಮನೆಗೆ ಬಂದವರ ಮುಂದೆ ಕಾಫಿ ಆರಿಹೋಗಲು ಬಿಟ್ಟವನು ಮಾರನೆಯ ದಿನ ಓಣಿಯಲ್ಲಿ ತಲೆಯೆತ್ತಿ ನಡೆಯಲಾರ.

"ನೀರಿನ ಪೈಪಿನ ಜಗಳದಾಗೆ ಒಂದು ಹೆಣ ಬಿತ್ತಲ್ಲ, ಗ್ಯಾಪ್ಕ ಅದಾ? ಸತ್ತೋನ ಅಪ್ಪನ ಮುಂದೆ ಕಾಫಿ ಇಟ್ಕೊಂಡು ಕುಂತೆ. ಕಪ್ಪಿಂದ ಹೊಗೆ ಹೋಗೋಕ್ ಮುಂಚೆ ಕ್ಷಮಿಸ್ಬುಟ್ಟ."

"ಅವ್ನಿಗೆ ನಾಚ್ಕೆ ಇತ್ತು ಹಾಜಿ," ಎಂದಳು ವಸ್ಫಿಯಾ.

"ಈ ಹಳದಿ ಅಂಗಿಯೋರ ದೊಡ್ಡೋನೂ ತಾಯಿ ಹೊಟ್ಟೇಲಿ ಹುಟ್ಟಿದೋನೇ ಅಲ್ವಾ. ನಾವು ಗಂಡಸ್ರು ಹೋಗ್ಬತ್ತೀವಿ. ನೀನು ಮನೇಲಿರು. ಜಾಹಾಗೆ ಹೆಂಗಸ್ರು ಬರಾಕಿಲ್ಲ."

"ಹಂಗಾದ್ರೆ ಬತ್ತಾ ಹಂಗೇ ಅವ್ಳ ರಕ್ತನೂ ತೊಳ್ಕೊಂಡ್ ಬನ್ನಿ."

ಹಾಜಿ ಗಡ್ಡ ಕೆರೆದುಕೊಂಡರು. ಅವಳೂ ಜೊತೆಗೆ ಹೋದಳು.

ಹಳದಿ ಅಂಗಿಯವರ ಆಫೀಸು ಕ್ಯಾಂಪಿನ ಅಂಚಿನಲ್ಲಿ, ಬೇಲಿಯ ಆಚೆ ಇತ್ತು. ಹೊರಗೆ ಬೆಂಕಿ ಬಿಸಿಲು, ಒಳಗೆ ಏಸಿ ಎಷ್ಟು ತಣ್ಣಗಿತ್ತೆಂದರೆ ಮುದುಕರು ತಲೆವಸ್ತ್ರವನ್ನು ಕಿವಿಯ ಮೇಲೆಳೆದುಕೊಂಡರು. ಗೋಡೆಯ ತುಂಬ ಕ್ಯಾಂಪಿನ ಮಕ್ಕಳ ಹಲ್ಲಿನ ಫೋಟೋಗಳು. ಮುಖ್ಯಸ್ಥ ಯೋರಿಸ್ ಎಂಬಾತ ಉದ್ದಕ್ಕೆ ಬೆಳೆದ ಮನುಷ್ಯ. ಯಾರನ್ನು ಕಂಡರೂ ಅಂಗೈಯನ್ನು ಎದೆಯ ಮೇಲಿಟ್ಟು ಬಾಗುತ್ತಿದ್ದ. ಕ್ಯಾಂಪಿನವರು ಹಾಗೆ ಮಾಡುವುದನ್ನು ನೋಡಿ ಕಲಿತಿದ್ದ. ಕಲಿತದ್ದು ಅದೊಂದೇ.

ಹಾಜಿ ದಿಯಾಬ್ ಕೈಕಟ್ಟಿ ಶುರುಮಾಡಿದರು. ದೇವರ ಹೆಸರು ಹೇಳಿದರು, ಜೊತೆಗೆ ಬಂದವರ ಹೆಸರು ಹೇಳಿದರು, ನಿಮ್ಮ ಬಾಗಿಲು ದೊಡ್ಡದು ಎಂದರು, ವ್ಯಾನಿಲ್ಲದೆ ನಮ್ಮವರು ಸಾಯುತ್ತಾರೆ ಎಂದರು. ಬಹಾ ಅದನ್ನು ಅನುವಾದಿಸಿದ. ಹಾಜಿ ಆಡಿದ ಮಾತು ಮನೆಯಷ್ಟಿತ್ತು, ಬಹಾ ಆಡಿದ್ದು ಬಾಗಿಲಿನಷ್ಟು.

ಕಾಫಿ ಬಂತು. ಕಾಗದದ ಕಪ್ಪುಗಳು, ಕಪ್ಪಿನ ಮೇಲೆ ನಗುಮುಖದ ಚಿತ್ರ. ಎಲ್ಲರೂ ತೆಗೆದುಕೊಂಡರು. ಎಲ್ಲರೂ ಮುಂದಿನ ಟೀಪಾಯಿಯ ಮೇಲೆ ಇಟ್ಟರು. ಎಲ್ಲರೂ ಯೋರಿಸ್‌ನ ಮುಖ ನೋಡಿದರು.

ಯೋರಿಸ್ ತನ್ನ ಕಪ್ಪು ಎತ್ತಿ ಗುಟುಕರಿಸಿ, ಕುಡಿಯಿರಿ ಎಂದು ಕೈಸನ್ನೆ ಮಾಡಿದ. ಯಾರೂ ಕದಲಲಿಲ್ಲ. ಸಕ್ಕರೆ ಕಡಿಮೆಯಾಯಿತೆ ಎಂದು ಕೇಳಿದ. ಸಕ್ಕರೆ ಬಂತು. ಹಾಲಿನ ಪುಡಿ ಬಂತು. ಚಹಾ ಬಂತು. ಪೆಟ್ಟಿಗೆಯಲ್ಲಿ ಕಿತ್ತಳೆ ರಸ ಬಂತು, ಬಿಸ್ಕತ್ತು ಬಂತು. ಟೀಪಾಯಿಯ ಮೇಲೆ ಜಾಗ ಮುಗಿಯಿತು. ಆರು ಜೊತೆ ಕಣ್ಣು ಅವನನ್ನೇ ನೋಡುತ್ತಿದ್ದವು.

"ಇವರಿಗೆ ಏನಾಗಿದೆ? ಇವತ್ತು ಉಪವಾಸವೆ?" ಎಂದು ಅವನು ತನ್ನ ಭಾಷೆಯಲ್ಲಿ ಬಹಾನನ್ನು ಕೇಳಿದ.

ಬಹಾನ ಕುತ್ತಿಗೆಯ ಹಿಂದೆ ಬೆವರು ಇಳಿಯಿತು, ಆ ಏಸಿಯಲ್ಲಿ. ಅವನಿಗೆ ಎಲ್ಲ ಗೊತ್ತಿತ್ತು. ಅವನ ತಂಗಿಯ ನಿಶ್ಚಿತಾರ್ಥದಲ್ಲಿ ಇದೇ ಹಾಜಿ ಇದೇ ರೀತಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ಈಗ ಇದರ ಅರ್ಥ ಹೇಳಿದರೆ ಯೋರಿಸ್ ಹೌದು ಅನ್ನಬೇಕಾಗುತ್ತದೆ, ಇಲ್ಲವೇ ಮುಖದ ಮೇಲೆ ಹೊಡೆದಂತೆ ಇಲ್ಲ ಅನ್ನಬೇಕಾಗುತ್ತದೆ. ಎರಡರಲ್ಲಿ ಯಾವುದಾದರೂ, ದೊಡ್ಡವನನ್ನು ಇಕ್ಕಟ್ಟಿಗೆ ತಂದವನು ಬಹಾ ಎಂದಾಗುತ್ತದೆ. ಬರುವ ತಿಂಗಳು ಅವನ ಹಳದಿ ಅಂಗಿಯ ಗಡುವು ಬೇರೆ ಮುಗಿಯುವುದಿತ್ತು.

"ಸರ್, ಇವರಿಗೆ ಬಿಸಿ ಆಗುವುದಿಲ್ಲ. ಪೂರ್ತಿ ಆರಿದ ಮೇಲೇ ಕುಡಿಯುತ್ತಾರೆ. ಇಲ್ಲಿನ ಪದ್ಧತಿ," ಎಂದ.

ಯೋರಿಸ್‌ಗೆ ಬಹಳ ಸಂತೋಷವಾಯಿತು. ಎಂಥ ಚೆಂದದ ಪದ್ಧತಿ ಎಂದ. ನಮ್ಮ ದೇಶದ ಜನಕ್ಕೆ ಈ ತಾಳ್ಮೆ ಇಲ್ಲ ಎಂದ. ಆಮೇಲೆ ಎದೆಯ ಮೇಲೆ ಕೈಯಿಟ್ಟು, ವ್ಯಾನಿನ ವಿಷಯದಲ್ಲಿ ತನಗೆ ಅತೀವ ದುಃಖವಾಗಿದೆ, ಆದರೆ ನಗುವಿನ ಬಂಡಿಗೆ ವಯಸ್ಸಿನ ಮಿತಿಯಿಲ್ಲ, ಕಿಡ್ನಿಯವರೂ ಬಂದು ಬೊಂಬೆಯಾಟ ನೋಡಬಹುದು, ನಗುವುದರಿಂದ ರಕ್ತಕ್ಕೂ ಒಳ್ಳೆಯದು ಎಂದು ಬಹಾನ ಬಾಯಿಂದ ಹೇಳಿಸಿದ.

"ನನ್ ಮಗಳು ನಗ್ತಾವ್ಳೆ ಅಂತ ಹೇಳು," ಎಂದಳು ವಸ್ಫಿಯಾ. "ಗಾಡಿ ನೋಡ್ದಾಗಿಂದ ಬಿದ್ದು ಬಿದ್ದು ನಗ್ತಾವ್ಳೆ. ನಗ್ತಾ ನಗ್ತಾ ಕಾಲು ಊದ್ಕೊಂಡವೆ. ಈ ಬೋಳಿಮಗನಿಗೆ ಹೇಳು ಅದ್ನ, ಹಂಗೇ ಹೇಳು."

"ತಾವು ಕೃತಜ್ಞರು ಎನ್ನುತ್ತಿದ್ದಾರೆ ಸರ್," ಎಂದ ಬಹಾ.

ಅವರು ಎದ್ದೇಳಲಿಲ್ಲ. ಕಾಫಿ ಆರಿತು, ಕೆನೆಗಟ್ಟಿತು. ಸಂಜೆ ಆಫೀಸು ಮುಚ್ಚುವ ಹೊತ್ತಾಯಿತು, ಏಸಿ ಆರಿಸಿದರು. ಕಾವಲಿನವನು ಬಂದು, ಹೊರಡ್ರಪ್ಪ ಇನ್ನು, ಎಂದು ಒಬ್ಬೊಬ್ಬರ ಕಂಕುಳಿಗೆ ಕೈಹಾಕಿ ಎಬ್ಬಿಸಿದ. ಹಾಜಿ ದಿಯಾಬ್ ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಂದು ಬಾಗಿಲಿನಿಂದ ಬರಿಗೈಯಲ್ಲಿ ಎದ್ದರು. ಅವರಿಗೆ ಮೆಟ್ಟಿಲು ಕಾಣಿಸಲಿಲ್ಲ, ಮುಗ್ಗರಿಸಿದರು.

ವಸ್ಫಿಯಾ ಮಾತ್ರ ಹಿಂದೆ ಉಳಿದಳು. ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದುಕೊಂಡು ಅದರ ಮೇಲೆ ಕುಡಿಯದ ಕಪ್ಪುಗಳನ್ನೆಲ್ಲ ಜೋಡಿಸಿದಳು. ಒಂದು ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟಳು.

"ಅದ್ಯಾಕೆ ದೊಡ್ಡವ್ವ, ಚೆಲ್ಬಿಡು," ಎಂದ ಬಹಾ.

"ಕೆಲ್ಸ ಇನ್ನೂ ಆಗಿಲ್ವಲ್ಲಪ್ಪ. ಜಾಹಾ ಮುಗಿದಿಲ್ಲ."

ಯೋರಿಸ್ ಓಡಿ ಬಂದು ಫೋಟೋ ತೆಗೆದುಕೊಂಡ. ಮರುದಿನ ಆಫೀಸಿನ ಗೋಡೆಯ ಮೇಲೆ ವಸ್ಫಿಯಾ ದೊಡ್ಡದಾಗಿ ಕಾಣಿಸಿಕೊಂಡಳು. ಕೆಳಗೆ, ಒಂದು ಹನಿಯೂ ವ್ಯರ್ಥವಾಗದು ಎಂದು ಬರೆದಿತ್ತು.

*

ಕಪ್ಪುಗಳು ವಸ್ಫಿಯಾಳ ಮನೆಯ ಕಿಟಕಿಯ ಕಟ್ಟೆಯ ಮೇಲೆ ಕೂತವು. ಆ ಕಿಟಕಿ ತೆರೆದರೆ ಎದುರುಮನೆಯ ಗೋಡೆ ಕೈಗೆ ಸಿಗುತ್ತಿತ್ತು, ಹಾಗಾಗಿ ಅದನ್ನು ಬೇರೆ ಯಾವುದಕ್ಕೂ ಬಳಸುತ್ತಿರಲಿಲ್ಲ.

ಖಿತಾಮ್‌ಗೆ ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುನಿಟ್ಟಿತ್ತು. ರಕ್ತ ತೊಳೆಸದ ದಿನ ಅದೂ ಇಲ್ಲ. ಒಣಗಿದ ತುಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಅವಳು ಕಪ್ಪುಗಳನ್ನೇ ನೋಡುತ್ತ ಮಲಗಿರುತ್ತಿದ್ದಳು.

"ನಿಮ್ ಜಾಹಾಗೆ ನನ್ನ ಕರ್ಕೊಂಡ್ ಹೋಗ್ಬೇಕಿತ್ತು ಕಣವ್ವ. ಕಾಫಿ ಎದುರಿಗಿದ್ರೂ ಕುಡೀದೆ ಕೂರಾದ್ರಲ್ಲಿ ನನ್ನಷ್ಟು ಅಭ್ಯಾಸ ಈ ಕ್ಯಾಂಪಲ್ಲಿ ಯಾರಿಗದೆ?"

"ಸುಮ್ಕಿರು. ಉಸುರು ಹಾಳು ಮಾಡ್ಕೋಬೇಡ."

ಪಿಕಪ್ಪಿನ ಉಪಕಾರ ಎರಡು ಸಲಕ್ಕೆ ಮುಗಿಯಿತು. ಮೂರನೆಯ ಸಲ ಮೇಸ್ತ್ರಿ ಖಿತಾಮಳ ಊದಿದ ಮುಖ ನೋಡಿ, "ಇವ್ಳು ದಾರೀಲಿ ಸತ್ತೋದ್ರೆ ನನ್ ಹಣ್ಣು ಯಾರ್ ತಗೋತಾರೆ," ಎಂದು ಹಿಂಬದಿಯ ಹಲಗೆ ಎತ್ತಿ ಕೊಕ್ಕೆ ಹಾಕಿದ. ಟ್ಯಾಕ್ಸಿಯವರು ಕ್ಯಾಂಪಿನ ಒಳಗೆ ಬರುವವರಲ್ಲ. ಬಂದರೂ ಅವರು ಕೇಳುವಷ್ಟು ಲಿಂಬೆ ಆ ತೋಟಗಳಲ್ಲಿ ಬಿಡುತ್ತಿರಲಿಲ್ಲ. ಮೂರನೆಯ ಸರದಿ ತಪ್ಪಿತು, ನಾಲ್ಕನೆಯದೂ ತಪ್ಪಿತು. ಇನ್ನೊಂದು ತಪ್ಪಿದರೆ ಎದೆಗೆ ನೀರು ತುಂಬುತ್ತದೆ ಎಂದು ಆಸ್ಪತ್ರೆಯ ನರ್ಸು ಫೋನಿನಲ್ಲಿ ಗದರಿದಳು. ಖಿತಾಮ್‌ಗೆ ಈಗ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಉಸಿರೆಳೆಯುತ್ತಿದ್ದಳು, ಪ್ರತಿ ಉಸಿರಿಗೂ ಒಂದು ಸಣ್ಣ ಗೊರಗೊರ. ವಸ್ಫಿಯಾ ಆ ಸದ್ದನ್ನು ಕೇಳುತ್ತ ಲಿಂಬೆ ಮುಳ್ಳು ಚುಚ್ಚಿದ ತನ್ನ ಕೈಗಳನ್ನು ಹಿಸುಕಿಕೊಳ್ಳುತ್ತಿದ್ದಳು. ಅವಳಿಗೆ ಭಯವಾಗಿತ್ತು. ಭಯವಾದಷ್ಟೂ ಅವಳ ಬಾಯಿ ಕೆಟ್ಟದಾಗುತ್ತಿತ್ತು. ಓಣಿಯ ಬೆಕ್ಕುಗಳಿಗೂ ಬೈಗುಳ ತಪ್ಪಲಿಲ್ಲ.

ಮುತ್ಲಕ ಸತ್ತ. ಮಣ್ಣಿಗೆ ಒಯ್ಯುವ ಮೊದಲು ಮೈತೊಳೆದವರು ಎಷ್ಟು ಸೋಪು ಹಾಕಿ ಉಜ್ಜಿದರೂ ಅವನ ಅಂಗೈಯ ಹಳದಿ ಬಣ್ಣ ಹೋಗಲಿಲ್ಲ. ಹಾಗೇ ಮಣ್ಣುಮಾಡಿದರು. ಹಳದಿ ಅಂಗಿಯವರು ಒಂದು ಹೂವಿನ ಬುಟ್ಟಿ ಕಳಿಸಿದ್ದರು, ಬುಟ್ಟಿಗೊಂದು ನಗುಮುಖದ ಚೀಟಿ ಅಂಟಿಸಿತ್ತು. ಸಾವಿನ ಮನೆಗೆ ಬೇರೆ ಚೀಟಿ ಮಾಡಿಸಿರಲಿಲ್ಲವಂತೆ.

ಮುತ್ಲಕ ಸತ್ತ ಮೂರನೆಯ ದಿನ ಬಹಾ ಬಂದ. ಬಾಗಿಲಲ್ಲೇ ನಿಂತ.

"ದೊಡ್ಡವ್ವ, ನಾಳೆ ಬಂಡಿ ಉದ್ಘಾಟ್ನೆ. ದಾನಿಗಳು ಬತ್ತಾವ್ರೆ. ಒಂದು ಮನೇಲಿ ಕಾಫಿ ಕುಡೀಬೇಕಂತೆ, ಆ ಫೋಟೋ ನೋಡಿ ನಿಮ್ ಮನೇನೇ ಆರ್ಸವ್ರೆ." ಒಳಗೆ ಗೊರಗೊರ ಎನ್ನುತ್ತಿದ್ದ ಕಡೆ ನೋಡದೆ ಹೇಳಿದ, "ಖಿತಾಮಕ್ಕನ ಆ ಹೊತ್ತಲ್ಲಿ ಒಳಗಡೆ ಕೂರ್ಸಿ. ಕೈಯಲ್ಲಿ ಸೂಜಿ ಗುರುತು ಕಾಣ್ಬಾರ್ದು ಅಂದವ್ರೆ."

ವಸ್ಫಿಯಾ ಬೈಯಲಿಲ್ಲ. ಅದು ಬಹಾನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ಬರ್ಲಿ," ಎಂದಳು. "ಬಂದೋರಿಗೆ ಕಾಫಿ ಕೊಡದೆ ಕಳ್ಸೋರಲ್ಲ ನಾವು."

*

ದಾನಿಗಳ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು, ಅವಳ ಹಿಂದೆ ಕ್ಯಾಮೆರಾದವರು. ಓಣಿಯ ಜನವೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ ತುಂಬಿದ್ದರು. ಆಚೆ ಚೌಕದಲ್ಲಿ ನಗುವಿನ ಬಂಡಿ ರಿಬ್ಬನ್ ಕಟ್ಟಿಸಿಕೊಂಡು ನಿಂತಿತ್ತು. ಯೋರಿಸ್ ನೆಲದ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹಾಗೆ ಕೂರಲು ಬರುತ್ತದೆ ಎಂದು ಎಲ್ಲರೂ ನೋಡಲಿ ಎನ್ನುವಂತೆ ಕೂತ. ಹಾಜಿ ದಿಯಾಬ್ ಬಾಗಿಲ ಬಳಿ ಕೋಲೂರಿ ನಿಂತಿದ್ದರು.

ವಸ್ಫಿಯಾ ತನ್ನ ಮದುವೆಯ ತಟ್ಟೆಯನ್ನು ಬೆಳಗಿ, ಅದರ ಮೇಲೆ ಕಸೂತಿಯ ಬಟ್ಟೆ ಹಾಸಿ, ತಂದು ಅತಿಥಿಗಳ ಮುಂದಿಟ್ಟಳು.

ಕಾಗದದ ಕಪ್ಪುಗಳು. ನಗುಮುಖಗಳು ಕಾಫಿ ಹೀರಿ ಉಬ್ಬಿಕೊಂಡಿದ್ದವು. ಒಳಗೆ ಕಾಫಿಯ ಮೇಲೆ ಹಸಿರು ತುಪ್ಪಳ ಬೆಳೆದಿತ್ತು.

ಓಣಿ ಕತ್ತು ಚಾಚಿತು. ಬಹಾನ ಮುಖದಲ್ಲಿ ರಕ್ತವಿರಲಿಲ್ಲ.

"ಹೇಳಪ್ಪ ಅವ್ನಿಗೆ," ಎಂದಳು ವಸ್ಫಿಯಾ. "ಆವತ್ತು ನೀವು ಕೊಟ್ಟಿದ್ದೇ ಇದು, ನಿಮ್ ಬಾಯಿಂದ ಒಂದು ಮಾತು ಬರ್ಲಿ ಅಂತ ಕುಡೀದೆ ಇಟ್ಟಿದೀವಿ ಅನ್ನು. ಮುತ್ಲಕಂದೂ ಒಂದು ಮಾತು ಸೇರ್ಸಿ ಹೇಳು."

ಯೋರಿಸ್ ಕಪ್ಪಿನೊಳಗೆ ಇಣುಕಿ, ಇದೇನು ಎಂದು ಬಹಾನ ಕಡೆ ನೋಡಿದ. ದಾನಿ ಹೆಂಗಸೂ ನೋಡಿದಳು. ಕ್ಯಾಮೆರಾವೂ ನೋಡಿತು. ಬಹಾ ಹಳದಿ ಅಂಗಿಯ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡ.

"ಇದು ಇಲ್ಲಿನ ಪುರಾತನ ಕಾಫಿ ಸರ್. ವಾರಗಟ್ಟಲೆ ಹದ ಬರಿಸುತ್ತಾರೆ. ಬಹಳ ಗೌರವದ ಅತಿಥಿಗಳಿಗೆ ಮಾತ್ರ."

ದಾನಿ ಹೆಂಗಸು ಭಾವುಕಳಾಗಿ ಕತ್ತಿಗೆ ಕೈಯಿಟ್ಟುಕೊಂಡಳು. ಯೋರಿಸ್ ಎದೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಕಪ್ಪನ್ನೆತ್ತಿ ಗಟಗಟನೆ ತಳದವರೆಗೆ ಕುಡಿದ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು, ಅದನ್ನೂ ನುಂಗಿದ. ಕಣ್ಣಲ್ಲಿ ನೀರು ತುಂಬಿಕೊಂಡು, ಬಹಳ ಗಾಢವಾಗಿದೆ ಎಂದ. ಕ್ಯಾಮೆರಾ ಆ ನೀರನ್ನು ಹತ್ತಿರದಿಂದ ಹಿಡಿಯಿತು. ಅವನ ಗಡ್ಡದಲ್ಲಿ ಒಂದು ಚೂರು ಹಸಿರು ಅಂಟಿಕೊಂಡಿತ್ತು.

ಎಲ್ಲರೂ ಹಾಜಿಯ ಕಡೆ ತಿರುಗಿದರು. ಹಿಂದಿನವರು ಕಟ್ಟಿಟ್ಟ ಕಟ್ಟಳೆಯಲ್ಲಿ ಇಂಥದ್ದು ಬಂದಿರಲೇ ಇಲ್ಲ. ಬೇಡುವವರು ಬಿಟ್ಟ ಕಾಫಿಯನ್ನು ಕೊಡಬೇಕಾದವನೇ ಕುಡಿದದ್ದು ಯಾವ ಅಜ್ಜನ ಕಾಲದಲ್ಲೂ ಇಲ್ಲ. ಹಾಜಿ ದಿಯಾಬ್ ಖಾಲಿ ಕಪ್ಪನ್ನು ನೋಡಿದರು. ಒಳಗಿನಿಂದ ಬರುತ್ತಿದ್ದ ಗೊರಗೊರ ಕೇಳಿಸಿಕೊಂಡರು. ಆ ಬಾಗಿಲಿನಿಂದ ಬರಿಗೈಯಲ್ಲಿ ಎದ್ದು ಬಂದ ಸಂಜೆಯಿಂದ ಬಗ್ಗಿದ್ದ ಅವರ ಬೆನ್ನು ಒಂದಿಷ್ಟು ನೆಟ್ಟಗಾಯಿತು.

"ನಾವು ಮುಟ್ಟದ ಕಾಫೀನ ಕೊಟ್ಟೋನೇ ನಮ್ಮೆಲ್ರ ಎದುರಿಗೆ ಕುಡುದ. ಯಾರೂ ಬಲವಂತ ಮಾಡ್ಲಿಲ್ಲ. ನೀವೆಲ್ಲ ಸಾಕ್ಷಿ," ಎಂದು ಕೋಲಿನಿಂದ ಹೊಸ್ತಿಲು ಕುಟ್ಟಿದರು. "ಕಾಫಿ ಗಂಟ್ಲಲ್ಲಿ ಇಳೀತು ಅಂದ್ರೆ ಮಾತು ಆಯ್ತು. ಗಾಡಿ ಕೊಟ್ಟ."

"ದೇವ್ರು ನಿಂಗೆ ಒಳ್ಳೇದು ಮಾಡ್ಲಿ ಕಣಪ್ಪ," ಎಂದಳು ವಸ್ಫಿಯಾ, ಯೋರಿಸ್‌ನ ತಲೆಯ ಮೇಲೆ ಕೈಯಿಟ್ಟು. ಅವನು ಕೃತಾರ್ಥನಾಗಿ ಬಾಗಿದ. ಅವಳು ಒಳಗೆ ತಿರುಗಿ ಕೂಗಿದಳು, "ಎತ್ರೇ, ಕುರ್ಚಿ ಎತ್ರೇ."

ಓಣಿಯ ಹೆಂಗಸರು ಖಿತಾಮಳನ್ನು ಕುರ್ಚಿಯ ಸಮೇತ ಎತ್ತಿಕೊಂಡು, ಯೋರಿಸ್‌ನ ಮೊಣಕಾಲು ದಾಟಿ, ಕ್ಯಾಮೆರಾ ದಾಟಿ ಹೊರಗೆ ತಂದರು. ಸೂಜಿ ಗುರುತಿನ ಕೈ ಎಲ್ಲರ ಮುಂದೆ ಜೋತಾಡುತ್ತಿತ್ತು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ದಾನಿ ಹೆಂಗಸು ಚಪ್ಪಾಳೆ ತಟ್ಟಿದಳು. ಅಕ್ಕಪಕ್ಕದ ಓಣಿಗಳಿಂದ ಉಳಿದ ಕಿಡ್ನಿಯವರೂ ಹೆಗಲುಗಳ ಮೇಲೆ ಬಂದರು; ಸುದ್ದಿ ಅಷ್ಟು ಬೇಗ ಹರಡಿತ್ತು.

ಬಹಾ ಓಡಿಬಂದು ವ್ಯಾನಿನ ಬಾಗಿಲಿಗೆ ಅಡ್ಡ ನಿಂತ.

"ದೊಡ್ಡವ್ವ, ನನ್ ಕೆಲ್ಸ ಹೋಯ್ತದೆ."

"ಪೇಂಟು ಆರದೆ ಅಲ್ವೇನೋ?" ಎಂದಳು ವಸ್ಫಿಯಾ. "ಸರಿ ಹಂಗಾದ್ರೆ. ಜರುಗು."

ಅವನು ಜರುಗಿದ. ಜರುಗಿದ್ದು ಹೆದರಿಯೋ ನಾಚಿಯೋ ಯಾರಿಗೂ ತಿಳಿಯಲಿಲ್ಲ, ಕೇಳುವ ಪುರಸೊತ್ತೂ ಇರಲಿಲ್ಲ. ಡ್ರೈವರ್ ಸೀಟಿನಿಂದ ಫಾಯೆಕ್ ಕತ್ತು ಹೊರಹಾಕಿ ಹಾಜಿಯನ್ನು ಒಂದೇ ಮಾತು ಕೇಳಿದ.

"ಕುಡುದ್ನಾ?"

"ಕುಡುದ."

ಫಾಯೆಕ್ ಕೀಲಿ ತಿರುಗಿಸಿದ. ಹಹಹಾ ಹಿಹಿಹೀ ಎಂದು ಹಾಡು ಎದ್ದಿತು, ಅದರ ಹಿಂದೆ ಇಂಜಿನ್ ಎದ್ದಿತು, ರಿಬ್ಬನ್ನು ವ್ಯಾನಿನ ಹಲ್ಲಿಗೆ ಸಿಕ್ಕಿ ಹರಿಯಿತು.

*

ಕ್ಯಾಂಪಿನ ಬಾಯಿಯಲ್ಲಿ ಸೈನ್ಯದ ಚೌಕಿ. ಅಡ್ಡಗಂಬ ಕೆಳಗಿತ್ತು. ಕಾವಲಿನ ಹುಡುಗ ಸೈನಿಕ ಈ ನೆಲದವನೇ, ಹತ್ತಿರದ ಯಾವುದೋ ಗುಡ್ಡದ ಹಳ್ಳಿಯವನು. ಮರಳುಚೀಲದ ಮೇಲೆ ಕೂತು, ಸಣ್ಣ ಒಲೆಯಲ್ಲಿ ಆಗಷ್ಟೇ ಉಕ್ಕಿಸಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದ. ಹಲ್ಲುಕಿರಿದು ನಗುತ್ತ ಬರುವ ಹಳದಿ ವ್ಯಾನನ್ನು ಕಂಡು ಎದ್ದು ನಿಂತ. ಒಳಗೆ ಇಣುಕಿದ. ಬೊಂಬೆಗಳ ನಡುವೆ, ಮಡಿಲಲ್ಲಿ ಬೊಂಬೆ ಇಟ್ಟುಕೊಂಡು, ಊದಿದ ಮುಖದ ಜನ ಕೂತಿದ್ದರು. ಡ್ರೈವರನ ಕೆಂಪು ಮೂಗಿನ ಮೇಲಿಂದ ಬೆವರು ಇಳಿಯುತ್ತಿತ್ತು.

"ಹಾಡು ನಿಲ್ಸಯ್ಯಾ," ಎಂದ.

"ಹಾಡು ನಿಂತ್ರೆ ಗಾಡಿ ನಿಂತೋಯ್ತದೆ ಸ್ವಾಮಿ."

ಹುಡುಗನ ಸೊಂಟದ ವಾಕಿಟಾಕಿ ಗರಗರ ಎಂದಿತು. ಹಳದಿ ಗಾಡಿ ಬರುತ್ತದೆ, ಬಿಡಬೇಡ, ಆಫೀಸಿನಿಂದ ಫೋನು ಬಂದಿದೆ, ಎಂದಿತು. ಅವನು ಅದನ್ನು ಕೇಳಿದ, ಇವರನ್ನು ನೋಡಿದ. ಏನು ಹೇಳಬೇಕೆಂದು ತೋಚದೆ, ಕೈಯಲ್ಲಿ ಲೋಟ ಹಿಡಿದ ಯಾರ ಬಾಯಲ್ಲೂ ಆ ಸೀಮೆಯಲ್ಲಿ ತಾನಾಗಿ ಬರುವ ಮಾತು ಅವನ ಬಾಯಲ್ಲೂ ಬಂತು.

"ಬಾ ಅಜ್ಜಿ, ಕಾಫಿ ತಗೋ."

ಡ್ರೈವರನ ಪಕ್ಕ ಕೂತಿದ್ದ ವಸ್ಫಿಯಾ ಕಿಟಕಿಯಿಂದ ಕೈ ಚಾಚಿ ಲೋಟ ತೆಗೆದುಕೊಂಡಳು. ಮುಂದಿನ ಗಾಜಿನ ಹತ್ತಿರ, ಅವನಿಗೆ ಕಾಣುವ ಹಾಗೆ, ಮುಟ್ಟದೆ ಇಟ್ಟಳು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನ ಮುಖ ನೋಡತೊಡಗಿದಳು.

"ಕುಡಿ ಅಜ್ಜಿ, ಆರೋಯ್ತದೆ."

"ಆರ್ಲಿ ಮಗ."

ಹುಡುಗ ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಲೋಟ ನೋಡಿದ, ಅವಳ ಕೈ ನೋಡಿದ. ಅವನ ಮುಖದ ಬಣ್ಣ ಬದಲಾಯಿತು. ಅವನ ಅಜ್ಜನೂ ಯಾರ ಯಾರದೋ ಬಾಗಿಲಲ್ಲಿ ಹೀಗೆ ಕೂತವನೇ ಇರಬೇಕು.

ವಾಕಿಟಾಕಿ ಮತ್ತೆ ಗರಗರ ಎಂದಿತು. ಹಿಂದೆ ಕ್ಯಾಂಪಿನ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹಳದಿ ಅಂಗಿಗಳು ಓಡಿಬರುತ್ತಿದ್ದವು. ಹಾಡಿನ ಹೆಂಗಸು ನಗುತ್ತಲೇ ಇದ್ದಳು, ಆ ನಗುವಿನ ಕೆಳಗೆ ಖಿತಾಮಳ ಉಸಿರು ಗೊರಗುಡುತ್ತಿತ್ತು. ಹುಡುಗನ ಒಂದು ಕೈ ವಾಕಿಟಾಕಿಯ ಮೇಲಿತ್ತು, ಇನ್ನೊಂದು ಅಡ್ಡಗಂಬದ ಹಗ್ಗದ ಮೇಲೆ. ಗಾಜಿನ ಹತ್ತಿರದ ಲೋಟದಿಂದ ಆವಿ ಇನ್ನೂ ಏಳುತ್ತಿತ್ತು.